ಕೊಠಡಿ ಒಂಬತ್ತು, ಶನಿವಾರ

ಶಿಡ್ಲಘಟ್ಟದ ಸರ್ಕಾರಿ ಕಾಲೇಜಿನ ಒಂಬತ್ತನೇ ಕೊಠಡಿಗೆ
ಎರಡು ಕಿಟಕಿ. ಒಂದಕ್ಕೆ ಕದವಿಲ್ಲ.
ಅದರಿಂದ ಗೂಡು ಬೇಯುವ ವಾಸನೆ ಒಳಬರುತ್ತದೆ.
ಹೊಸಬರು ಮೂಗು ಮುಚ್ಚುತ್ತಾರೆ;
ಊರಿನವರಿಗೆ ಅದು ವಾಸನೆಯಲ್ಲ, ಹೊತ್ತು.

ಹದಿನೇಳು ಮಕ್ಕಳು, ಹನ್ನೊಂದು ಪೆನ್ನು.
'ಬರವಣಿಗೆಯ ಕಮ್ಮಟ' ಎಂದು ಬೋರ್ಡಿನ ಮೇಲೆ ಬರೆದೆ.
'ಕಮ್ಮಟ ಅಂದ್ರೆ ಕುಲುಮೆನಾ ಸಾರ್?'
ಹಿಂದಿನ ಬೆಂಚಿನ ನಾರೆಪ್ಪ.
ಹೌದಪ್ಪಾ ಅಂದುಬಿಟ್ಟೆ.
ಅಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ಮೊದಲ ವಾರ ಒಂದು ಉಪಮೆ ಹೇಳಿದೆ,
ಮೂರು ರಾತ್ರಿ ಕೂತು ತಯಾರು ಮಾಡಿದ್ದು:
ನೆನಪೆಂದರೆ ರೇಷ್ಮೆಗೂಡು, ಮಕ್ಕಳೇ.
ತುದಿ ಹುಡುಕಿ ಮೆಲ್ಲಗೆ ಎಳೆಯುತ್ತಾ ಹೋದರೆ
ಒಂದೇ ಎಳೆ, ಊರಾಚೆಯವರೆಗೂ, ಎಲ್ಲೂ ಕಡಿಯದೆ...

ಮುಬೀನ್ ತಾಜ್ ಕೈ ಎತ್ತಿದಳು.
'ಒಂದು ಗೂಡಿನ ಎಳೆ ನಿಲ್ಲಲ್ಲ ಸಾರ್,
ಎಂಟು ಹತ್ತು ಸೇರಿಸಬೇಕು.
ತುದಿ ತಾನಾಗಿ ಸಿಗಲ್ಲ, ಬೇಯಿಸಬೇಕು.
ಬೇಯಿಸಿದರೆ ಒಳಗಿನ ಹುಳ...'
ಕೂತುಬಿಟ್ಟಳು.
ವಾಕ್ಯವನ್ನು ಕಿಟಕಿ ಮುಗಿಸಿತು.

ಅಂದಿನಿಂದ ಉಪಮೆ ತರುವುದಿಲ್ಲ.
ವಸ್ತು ಕೊಡುತ್ತೇನೆ, ಅಷ್ಟೆ.
ಒಂದು ಬೀಗ. ಹಳೆಯ ಬಸ್ ಟಿಕೆಟ್ಟು.
ಈ ವಾರ, ಒಂದು ಕೈ.
ನಿಯಮ: ಕಂಡದ್ದು ಮಾತ್ರ.
ಮಮತೆ, ತ್ಯಾಗ, ದೇವರು, ಈ ಮೂರರಲ್ಲಿ
ಒಂದನ್ನು ಬಳಸಿದರೂ ಬೋರ್ಡು ಒರೆಸಬೇಕು.

ನಾರೆಪ್ಪ ಎರಡು ಸಲ ಒರೆಸಿದ.
ಅವನ ಅಜ್ಜಿ ಕೈ ಆಡಿಸುತ್ತಾ ಬೈಯುವುದು ತೆಲುಗಿನಲ್ಲಿ;
ಕನ್ನಡಕ್ಕೆ ತಂದರೆ ಆಶೀರ್ವಾದ ಮಾಡಿದ ಹಾಗಿರುತ್ತದೆ.
'ಏನ್ ಮಾಡ್ಲಿ ಸಾರ್?'
ಮಾತು ಅವಳದೇ ಇರಲಿ, ಅಕ್ಷರ ನಿನ್ನದು ಕೊಡು, ಅಂದೆ.
ಓದಿದ. ಇಡೀ ಕೊಠಡಿ ಅಜ್ಜಿಯ ಕೈಯಲ್ಲಿ ಬೈಸಿಕೊಂಡು ನಕ್ಕಿತು.
ಪಕ್ಕದ ಕೊಠಡಿಯ ಅಕೌಂಟೆನ್ಸಿ ಮೇಡಂ ಬಂದು
ಇಣುಕಿ ನೋಡಿ ಹೋದರು.

ಚೌಡೇಶ್ವರಿ ತನ್ನದೇ ಎಡಗೈ ಬರೆದಳು,
ಅರ್ಧಕ್ಕೇ ಹರಿದು ಮುಷ್ಟಿಯಲ್ಲಿ ಇಟ್ಟುಕೊಂಡಳು.
ನಾನು ಕೇಳಲಿಲ್ಲ.
ಕೇಳದೆ ಇರುವುದೂ ಪಾಠವೇ ಇರಬೇಕು,
ಯಾವ ವರ್ಷದ್ದೋ ಗೊತ್ತಿಲ್ಲ.

ಮುಬೀನ್ ತಾಜ್ ಓದಿದಳು, ತಲೆ ಎತ್ತದೆ:
'ಅಮ್ಮಿ ಬೆರಳು ಬೆಳಿಗ್ಗೆ ಆರರಿಂದ ಬಿಸಿನೀರಲ್ಲಿ ಇರುತ್ತೆ.
ತುದಿ ಬಿಳಿ. ಸವೆದ ಸೋಪಿನ ಹಾಗೆ ನುಣುಪು.
ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ.
ಸೆರಗಲ್ಲಿ ಒರೆಸಿ ಇಟ್ಟಳು. ಕೆಂಪು.
ತಲೆಗೂದಲಿಗೆ ತಿಕ್ಕಿ ಇಡಮ್ಮಾ ಅಂದರು.
ತಿಕ್ಕಿ ಇಟ್ಟಳು. ಕೆಂಪು.
ನಿನ್ನ ಗೆರೆ ಎಲ್ಲಿ ಹೋಯ್ತು ಅಂತ ಕೇಳಿದರು.
ಅಮ್ಮಿ ಬೆರಳು ತಿರುಗಿಸಿ ನೋಡಿಕೊಂಡಳು.
ಆಮೇಲೆ ಮನೆಗೆ ಬಂದೆವು.'

ಅಷ್ಟೇ. ಹಾಳೆ ಮಡಿಸಿದಳು.

ನನ್ನ ಕೆಂಪು ಪೆನ್ನಿಗೊಂದು ಚಟ.
'ಅಂತ್ಯ ಸಪ್ಪೆ' ಎನ್ನಲು ತುದಿ ತೆರೆದೇ ಇತ್ತು.
ಇಲ್ಲೊಂದು ಸೀರೆ ಬರಬಹುದಿತ್ತಮ್ಮಾ,
ಆ ಬೆರಳೇ ಬಿಚ್ಚಿದ ನೂಲಿನದು,
ಯಾವುದೋ ಮದುವೆಮನೆಯ ದೀಪದಲ್ಲಿ...
ಹೇಳಿಯೂ ಬಿಟ್ಟೆ, ಕೈ ಆಡಿಸುತ್ತಾ.
ಅವಳು ನಿಜಕ್ಕೂ ಯೋಚಿಸಿದಳು.
'ಸೀರೆ ನಾವು ನೋಡಿಲ್ಲ ಸಾರ್.
ಕಂಡದ್ದು ಮಾತ್ರ ಅಂದಿದ್ರಿ.'

ಎದ್ದು ಹೋಗಿ ಬೋರ್ಡು ಒರೆಸಿದೆ.
ಯಾರೂ ನಗಲಿಲ್ಲ.

ಒಂದು ಗಂಟೆಗೆ ದಿಬ್ಬೂರಹಳ್ಳಿ ಬಸ್ಸಿನವರು ಓಡಿದರು.
ನಾರೆಪ್ಪ ಒಂದು ಪೆನ್ನು ಮೇಜಿನ ಮೇಲಿಟ್ಟ,
ಯಾರದು ಎಂದು ಅವನಿಗೂ ಗೊತ್ತಿಲ್ಲ.
ಮುಂದಿನ ವಾರದ ವಸ್ತು ಇನ್ನೂ ಸಿಕ್ಕಿಲ್ಲ.
ಬೀಗ ಹಾಕಿ, ಆಫೀಸಿನ ಹಾಜರಿ ಯಂತ್ರದ ಮೇಲೆ
ಸೀಮೆಸುಣ್ಣ ಮೆತ್ತಿದ ಹೆಬ್ಬೆಟ್ಟು ಇಟ್ಟೆ.

ಹಸಿರು.
ಒಂದೇ ಸಲಕ್ಕೆ.