ಏಳನೇ ವಾರ್ಡಿನ ಎ.ಸಿ.

ರಾಸ್ ಅಲ್ ಖೈಮಾದ ಹಳೇ ಆಸ್ಪತ್ರೆ.
ಒಡೆಯುವ ಮೊದಲು ಎ.ಸಿ.ಗಳನ್ನು ಬಿಚ್ಚಿ ತನ್ನಿ
ಅಂದಿದ್ದಾನೆ ಗುಜರಿಯವ.
ಏಣಿ ಹಿಡಿಯಲು ಶಮೀಮ್, ಸಿಲ್ಹೆಟ್ಟಿನ ಹುಡುಗ,
ಹುಚ್ಚರ ದೆವ್ವಕ್ಕೆ ಹೆದರುವವ.

ಬಲಕ್ಕೆ ತಿರುಗು, ಅಂದೆ.
ಎರಡು ಮೆಟ್ಟಿಲಿವೆ, ಎಡವಬೇಡ.
ನಿನಗೆ ಹೇಗೆ ಗೊತ್ತು ಭಾಯ್?
ಆಸ್ಪತ್ರೆಗಳೆಲ್ಲ ಒಂದೇ ತರ, ಅಂದೆ.

ಇಲ್ಲಿ ನನ್ನ ಮಂಚ.
ಮೊದಲ ದಿನ, ಮಂಡೆ ಬಿಸಿ ಅನ್ನಲು
ಹರಕು ಹಿಂದಿಯಲ್ಲಿ ತಲೆ ಬಿಸಿ ಅಂದಿದ್ದೆ.
ವಾರ್ಡ್ ಬಾಯ್ ಅದನ್ನು ಅರಬ್ಬಿ ಮಾಡಿದ.
ಬಾಯಿಗೆ ಥರ್ಮಾಮೀಟರು ಇಟ್ಟು
ಜ್ವರ ಇಲ್ಲ ಎಂದು ಬರೆದುಕೊಂಡರು.

ಹನ್ನೊಂದು ತಿಂಗಳು
ಕನ್ನಡ ಆಡಿದ್ದು ಇದೊಂದರ ಜೊತೆ.
ರಾತ್ರಿಯಿಡೀ ಗೊಣಗುವುದು,
ನಡುವೆ ಗಕ್ಕನೆ ನಿಂತು
ಹೌದಾ ಅಂದ ಹಾಗೆ.
ಆಮೇಲೆ ಏನಾಯ್ತು ಅಂತ ಅದು ಕೇಳಿದ್ದಕ್ಕೇ
ನಾನು ಆಮೇಲಿನದ್ದನ್ನೂ ಹೇಳಿದ್ದು.

ಮೂರು ಸ್ಕ್ರೂ ಬಂದವು.
ನಾಲ್ಕನೆಯದು ತುಕ್ಕು ಹಿಡಿದು ಒಲ್ಲೆ ಅಂತು.
ಶಮೀಮ್ ಸುತ್ತಿಗೆ ಚಾಚಿದ.
ಬೇಡ. ಎಣ್ಣೆ ಬಿಟ್ಟು ಕೂತೆ,
ಬೀಡಿ ಮುಗಿಯುವ ತನಕ.

ಎಳೆದಾಗ ಎದೆ ಮೇಲೆ ಒರಗಿತು,
ಮಗುವಿನ ಭಾರವಲ್ಲ, ಗಂಡಸಿನದೇ.

ಗೋಡೆಯಲ್ಲಿ ಉಳಿದ ಚೌಕದೊಳಗೆ
ಸಮುದ್ರ.
ಕಿಟಕಿಗೆಲ್ಲ ಬಿಳಿ ಬಣ್ಣ ಬಳಿದಿದ್ದರಲ್ಲ,
ನನಗೆ ಗೊತ್ತೇ ಇರಲಿಲ್ಲ.

ಮೀನಿನ ನಾತ, ಅಂದ ಶಮೀಮ್,
ಮೂಗು ಮುಚ್ಚಿಕೊಂಡು.