ಕಿವಿ ಸ್ವಲ್ಪ ಮಂದ

ಬಂದರಿನ ಬಲೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ಲೆಕ್ಕ ಬರೆದವಳು ನಾನು, ವಾರಿಜ.
ಭೂತಾಯಿಗೆ ಹದಿನೆಂಟು, ಬಂಗುಡೆಗೆ ಐವತ್ತು,
ಅಂಜಲಿಗೆ ನೂರರ ಮೇಲೆ,
ಮುಟ್ಟಿದರೆ ಸಾಕು, ಎಷ್ಟರ ಕಣ್ಣು ಎಂದು ಹೇಳುತ್ತೇನೆ.
"ಎದುರಿನವರ ಕಣ್ಣು ನೋಡಿ ಮಾತಾಡುತ್ತೀರಾ?"
ಕಂಕನಾಡಿಯ ಮೂರನೇ ಮಹಡಿಯಲ್ಲಿ ಡಾಕ್ಟರು ಕೇಳಿದರು.
ಮೂಗಿನ ಬುಡ ನೋಡುತ್ತೇನೆ, ಅಂದೆ.
ಯಾರಿಗೂ ಇದುವರೆಗೆ ಗೊತ್ತಾಗಿಲ್ಲ.
ಅವರು ಬರೆದುಕೊಂಡರು.

ನನ್ನನ್ನು ಅಲ್ಲಿಗೆ ಕಳಿಸಿದ್ದು ಝೊಹರಾ, ಸಾಹುಕಾರರ ಮಗಳು.
ಅವಳ ಹುಡುಗ ಅಂಗಡಿಯ ನೆಲದಲ್ಲಿ
ತೇಲುಬೆಂಡುಗಳನ್ನು ಸಾಲಿಡುತ್ತಿದ್ದ, ಸಣ್ಣದರಿಂದ ದೊಡ್ಡದಕ್ಕೆ,
ಊಟಕ್ಕೆ ಕರೆದರೂ ಏಳದೆ.
ಅಯ್ಯೋ ಪಾಪ, ಅಂದರು ಬಂದವರು.
ನಾನಂದೆ: ಒಂಬತ್ತನೆಯದು ತಪ್ಪಾಗಿದೆ.
ಅವನು ತಲೆಯೆತ್ತದೆ ಸರಿಮಾಡಿದ.
ಝೊಹರಾ ಹುಡುಗನನ್ನು ಬಿಟ್ಟು ನನ್ನನ್ನೇ ನೋಡಿದಳು,
ಎಷ್ಟೋ ಹೊತ್ತು.
ಆಮೇಲೆ ಬಿಲ್ಲಿನ ಹಿಂದೆ ಒಂದು ನಂಬರು ಬರೆದುಕೊಟ್ಟಳು.

ಮೂರು ಸಲ ಹೋದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ,
ಅವರು ಕನ್ನಡ ಮಾಡುತ್ತಾರೆ, ನಾನು ಒಳಗೆ ತುಳು ಮಾಡುತ್ತೇನೆ,
ಉತ್ತರ ಅದೇ ದಾರಿಯಲ್ಲಿ ವಾಪಸು.
ಕಡವಿನ ದೋಣಿಯ ಹಾಗೆ, ಪ್ರತಿ ಸಲ
ಒಂದಿಬ್ಬರು ಆಚೆ ದಡದಲ್ಲೇ ಬಾಕಿ.
"ಮಾತಿನ ಒಳಮಾತು ತಿಳಿಯುತ್ತದಾ?"
ಆರು ವರ್ಷದವಳಿದ್ದಾಗ ದೊಡ್ಡಮ್ಮ ಅಮ್ಮನಿಗೆ
ತಪ್ಪಾಯಿತು, ಹೊಟ್ಟೆಗೆ ಹಾಕ್ಕೋ, ಅಂದರು.
ಅಮ್ಮನ ಸೆರಗೆತ್ತಿ ನೋಡಿದೆ, ಎಲ್ಲಿ ಹಾಕಿಕೊಂಡಳೆಂದು.
ಪೆಟ್ಟು ಬಿತ್ತು. ಅದನ್ನೂ ಹೇಳಿದೆ.
ಡಾಕ್ಟರು ನಕ್ಕರು, ತಕ್ಷಣ ಸಾರಿ ಅಂದರು.
ನಗಬಹುದು, ಅಂದೆ. ನಗುವಂಥದ್ದೇ.

ಬಾಲ್ಯ ಕಂಡವರು ಬೇಕು, ಕರೆತನ್ನಿ.
ಅಮ್ಮ ಇಲ್ಲ. ಬೇಬಿಯಕ್ಕ ಬಂದಳು
ಬೆಂಗ್ರೆಯಿಂದ ಫೆರಿಯಲ್ಲಿ, ಮೀನು ಮಾರಿದ ಕೈಗೆ ನಿಂಬೆಹುಳಿ ತಿಕ್ಕಿ,
ಮದುವೆಗೆ ಉಡುವ ಸೀರೆ ಉಟ್ಟು,
ಕೋರ್ಟಿಗೆ ಬಂದ ಸಾಕ್ಷಿಯ ಹಾಗೆ.
ಎಲ್ಲ ಹೇಳಿದಳು:
ಗರ್ನಾಲಿನ ಸದ್ದಿಗೆ ಅಕ್ಕಿ ಡಬ್ಬದ ಹಿಂದೆ ಅಡಗಿದ್ದು,
ಹೊಸ ರವಕೆಯ ಹೊಲಿಗೆ ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದು,
ಕರೆದರೆ ತಿರುಗದೆ ಮರಳಲ್ಲಿ ಏಡಿಯ ತೂತು ಎಣಿಸಿದ್ದು.
ಮತ್ತೆ ಸುಮ್ಮನಾದಳು. ಸೆರಗಿನ ತುದಿ ತಿರುಚಿದಳು.
"ಒಂದು ಉಂಟು ಡಾಕ್ಟ್ರೇ. ಇವಳಿಗೂ ಹೇಳಿಲ್ಲ.
ಊರವರು ಮರ್ಲು ಅನ್ನಲು ಸುರುಮಾಡಿದ್ದರು.
ನನಗೆ ಆಗ ಹನ್ನೊಂದು. ಶಾಲೆಗೆ, ಕಡವಿಗೆ,
ಮನೆಮನೆಗೆ ಹೋಗಿ ಹೇಳಿ ಬಂದೆ:
ಅವಳ ತಲೆ ಸರಿ ಉಂಟು, ಕಿವಿ ಸ್ವಲ್ಪ ಮಂದ, ಅಷ್ಟೆ."

ಓಹೋ.
ಅದಕ್ಕೇ.
ಅದಕ್ಕೇ ಟೀಚರು ಕಿವಿಯ ಹತ್ತಿರ ಬಂದು ಮಗ್ಗಿ ಅರಚಿದ್ದು,
ಅದಕ್ಕೇ ಹೆಣ್ಣು ನೋಡಲು ಬಂದವರು
ಅಂಗಳದಿಂದಲೇ ಕೂಗಿ ಹೆಸರು ಕೇಳಿದ್ದು,
ಅದಕ್ಕೇ ಫೆರಿಯ ಪುರಂದರಣ್ಣ ಮೊಳದೂರದಲ್ಲಿ ನಿಂತು
ಗಂಟಲು ಹರಿಯುವಂತೆ ಚಿಲ್ಲರೆ ಕೇಳುವುದು.
ನಲವತ್ತು ವರ್ಷ,
ಫ್ಯಾನಿನ ಸದ್ದಿಗೇ ಹಲ್ಲು ಜುಮ್ಮೆನ್ನುವವಳ ಕಿವಿಯಲ್ಲಿ
ಇಡೀ ಬೆಂಗ್ರೆ ಕರುಣೆಯಿಂದ ಕಿರುಚಿತ್ತು.

ವರದಿ ನಾಲ್ಕು ಪುಟ. ಆಟಿಸಂ.
ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರಂತೆ, ತನ್ನಲ್ಲೇ ಲೀನ.
ಆ ಪದ ಮಾಡಿದವರು ಹೊರಗೆ ನಿಂತು ಮಾಡಿದ್ದು.
ನಾನೆಲ್ಲಿ ಲೀನ? ಸಣ್ಣ ಕಣ್ಣಿನ ಬಲೆ ನಾನು.
ಮೀನು, ಚಿಪ್ಪು, ಯಾರದೋ ಚಪ್ಪಲಿ, ಪ್ಲಾಸ್ಟಿಕ್ಕು
ಎಲ್ಲ ಒಟ್ಟಿಗೇ ಬೀಳುತ್ತವೆ, ಯಾವುದೂ ಜಾರಿಹೋಗುವುದಿಲ್ಲ.
ದಡಕ್ಕೆ ಎಳೆಯಲು ಹೊತ್ತು ಬೇಕು.

ಕೆಳಗಿನ ಹೋಟೆಲಲ್ಲಿ ಅಕ್ಕ ಬನ್ಸ್ ಮುರಿಯುತ್ತ ಅಂದಳು:
ಹೊಟ್ಟೆಗೆ ಹಾಕ್ಕೋ ಮಾರಾಯ್ತಿ.
ಈಗ ಅರ್ಥ ಗೊತ್ತುಂಟು. ಆದರೂ
ಅವಳ ತಟ್ಟೆಯದರಲ್ಲೂ ಅರ್ಧ ತೆಗೆದು ತಿಂದೆ.
ಅವಳು ನಕ್ಕಳೋ ಅತ್ತಳೋ,
ಮೂಗಿನ ಬುಡದಲ್ಲಿ ತಿಳಿಯಲಿಲ್ಲ.

ಸಂಜೆ ಫೆರಿಯಲ್ಲಿ ಪುರಂದರಣ್ಣನಿಗೆ ಹೇಳಿದೆ:
ನನಗೆ ಕೇಳುತ್ತದೆ. ಮೊದಲಿನಿಂದಲೂ. ಮೆಲ್ಲಗೆ ಹೇಳಿ.
"ಎಂತ?" ಅಂದರು ಅವರು, ಎಂಜಿನ್ನಿನ ಗದ್ದಲದಲ್ಲಿ,
ಕಿವಿಗೆ ಕೈ ಹಿಡಿದು.