ಸುಕಾರಿ ಗುರು

ಸೋಮವಾರ ಸೆಮಿನಾರ್ ಹಾಲಿನಲ್ಲಿ
ಐದು ನಿಮಿಷ ಮಾತಾಡಬೇಕಂತೆ.
‘ಕೀನ್ಯಾದಲ್ಲಿ ನಮ್ಮ ಸೇವೆ’,
ಶೀರ್ಷಿಕೆ ಮೇಡಂ ಕೊಟ್ಟದ್ದು.
ಹತ್ತು ಸ್ಲೈಡು ಮೀರಬಾರದು,
ನಗುವ ಮಕ್ಕಳು ಇರಲಿ.

ಮೈಸೂರಿನಿಂದ ರಜೆಗೆ ಕೀಲಾರಕ್ಕೆ ಬಂದು
ಆಲೆಮನೆಯ ಜಗಲಿಯಲ್ಲಿ
ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ.
ರಚ್ಚಿನ ಹೊಗೆ ಕಣ್ಣಿಗೆ ಹತ್ತಿ
ಮೊದಲ ವಾಕ್ಯವೇ ಬರುತ್ತಿಲ್ಲ.

ಹನ್ನೆರಡು ಜನ, ಇಪ್ಪತ್ತೊಂದು ದಿನ,
ಎಲ್ಲರಿಗೂ ಒಂದೇ ಹಳದಿಯ ಟೀ ಶರ್ಟು.
ಹೊತ್ತೊಯ್ದದ್ದು ನೂರು ಟೂತ್‌ಬ್ರಷ್,
ಬಣ್ಣದ ಡಬ್ಬ, ಒಂದು ಗ್ಲೋಬು.
ಅದು ದಾರಿಯಲ್ಲೇ ನಜ್ಜಿ
ಇಂಡಿಯಾ ಒಳಕ್ಕೆ ತಗ್ಗಿತ್ತು.

ಕಿಸುಮುವಿನಿಂದ ಒಂದೂವರೆ ಗಂಟೆ, ತಗಡಿನ ಶಾಲೆ.
ಕೈ ತೊಳೆಯುವುದನ್ನು ಕಲಿಸಿದೆವು,
ಹಾಡು ಕಟ್ಟಿ, ಆರು ಹಂತದಲ್ಲಿ.
ಅದಕ್ಕೆ ಬೇಕಾದ ನೀರನ್ನು
ನಾವು ಏಳುವ ಮೊದಲೇ
ಮಕ್ಕಳು ಹೊತ್ತು ತಂದಿಟ್ಟಿರುತ್ತಿದ್ದರು.

ಗೋಡೆಗೆ ಜಿರಾಫೆ ಬರೆದ ಫರ್ಹೀನ್
ಜಾಗ ಸಾಲದೆ ಅದರ ಕುತ್ತಿಗೆಯನ್ನು
ಕಿಟಕಿಯ ಮೇಲೆ ಬಗ್ಗಿಸಿದಳು.
ಆ ಮಕ್ಕಳಲ್ಲಿ ಯಾರೂ ಜಿರಾಫೆ ಕಂಡವರಲ್ಲ.
ನಮ್ಮೂರಲ್ಲಿದೆ, ಮೈಸೂರಿನ ಝೂನಲ್ಲಿ, ಅಂದೆವು.
ನಂಬಲಿಲ್ಲ.

ನನಗೆ ಬರುತ್ತಿದ್ದದ್ದು ಒಂದೇ.
ಶಾಲೆಯ ಹಿಂದೆ, ನನ್ನೂರೇ ಬೆನ್ನಟ್ಟಿ ಬಂದ ಹಾಗೆ,
ಕಬ್ಬು. ಗುಡ್ಡದ ಅಂಚಿನವರೆಗೂ ಕಬ್ಬು.
ಹತ್ತನೇ ದಿನ ಒಂದು ಜಲ್ಲೆ ಮುರಿದು
ಹಲ್ಲಿನಲ್ಲೇ ಸಿಪ್ಪೆ ಸೀಳಿದೆ,
ಗೆಣ್ಣಿನಿಂದ ಗೆಣ್ಣಿಗೆ, ಎಲ್ಲೂ ನಿಲ್ಲದೆ.
ಅಕಿನ್ಯಿ ಎನ್ನುವ ಎಂಟು ವರ್ಷದವಳು
ಮೊದಲ ಸಲ ನನ್ನನ್ನು
ಮನುಷ್ಯಳನ್ನು ನೋಡುವ ಹಾಗೆ ನೋಡಿದಳು.
ಮರುದಿನದಿಂದ ಟೀಚರ್ ಅನ್ನಲಿಲ್ಲ.
ವರ್ಷಿಣಿ ಅವಳ ಬಾಯಲ್ಲಿ ವಾಸಿನಿಯಾದೆ.

ಅವಳೇ ಕರೆದೊಯ್ದಳು, ಅಪ್ಪ ದುಡಿಯುವ ಜಾಗಕ್ಕೆ.
ಫರ್ಲಾಂಗು ದೂರದಿಂದಲೇ ಮೂಗು ಗುರುತು ಹಿಡಿಯಿತು.
ಕೊಪ್ಪರಿಗೆ. ಕುದಿಯುವ ಹಾಲು. ನೊರೆ ಎತ್ತುವ ಜಾಲರಿ.
ಗೋಡೆಯಲ್ಲಿ ಧಣಿಯ ಗುಜರಾತಿ ಕ್ಯಾಲೆಂಡರು,
ಅದರ ಕೆಳಗೆ ಬೆವರುತ್ತ ಅವಳಪ್ಪ.
ಇದಕ್ಕೇನಂತೀರಿ?
‘ಸುಕಾರಿ ಗುರು.’
ಗುರು!
ಆ ಪದಕ್ಕೆ ನಮ್ಮಲ್ಲಿ ಏನರ್ಥ ಅಂತ
ಹೇಳಹೋದೆ, ಭಾಷೆ ಸಾಲಲಿಲ್ಲ.
ಬಿಸಿ ಬೆಲ್ಲದ ಚೂರೊಂದನ್ನು ಎಲೆಯಲ್ಲಿಟ್ಟು ಕೊಟ್ಟ.
ಸುಣ್ಣ ಹೆಚ್ಚಾಗಿತ್ತು. ನಮ್ಮಪ್ಪನಾಗಿದ್ದರೆ ಬೈದಿರೋರು.
ತುಂಬ ಚೆನ್ನಾಗಿದೆ ಅಂದೆ.
ಮೂರು ವಾರದಲ್ಲಿ ನಾನು ಹೇಳಿದ್ದು
ಅದೊಂದೇ ಸುಳ್ಳಾ?
ಅಲ್ಲ.

ಅಜ್ಜಿ ಕಾಳು ಹಸನು ಮಾಡುತ್ತಾ ಕೇಳುತ್ತಾಳೆ:
‘ಅಷ್ಟು ದುಡ್ಡು ಸುರ್ಕಂಡು ಓಗಿ
ಅಲ್ಲೂ ಕಬ್ಬೇ ನೋಡ್ಕಂಡು ಬಂದ್ಯಾ?’
ಹೂಂ ಅಜ್ಜಿ.
‘ಉಣ್ಣಾಕಿಕ್ಕುದ್ರಾ ಸಂದಾಗಿ?’
ಇಕ್ಕಿದ್ರು. ಹೊರಡೋ ದಿನ
ಅಕಿನ್ಯಿ ಮನೇಲಿ ಕೋಳಿ ಕುಯ್ದಿದ್ರು.
‘ಎಷ್ಟು ಕೋಳಿ ಇದ್ದೊ ಅವ್ರತ್ರ?’

ಕೇಳಿರಲಿಲ್ಲ.

ಇಲ್ಲಿ, ಒಲೆಯ ಬಾಯಿಗೆ ರಚ್ಚು ತಳ್ಳುವವರ ನಡುವೆ
ಒಬ್ಬ ಹುಡುಗ. ಯುಪಿಯ ಕಡೆಯವರು,
ದೀಪಾವಳಿ ಕಳೆದ ಮೇಲೆ ಬಂದು
ಮಳೆಗೆ ಮುಂಚೆ ಹೊರಡುತ್ತಾರೆ.
ಮೂರು ವರ್ಷದಿಂದ ಇವನನ್ನು ನೋಡುತ್ತಿದ್ದೇನೆ,
ಅಥವಾ ಇವನ ಅಣ್ಣನನ್ನು.
ಲ್ಯಾಪ್‌ಟಾಪ್ ಮುಚ್ಚಿ ಹತ್ತಿರ ಹೋದೆ.
ಹೆಸರು ಕೇಳುವ ಹಿಂದಿ ಹೊಂದಿಸಿಕೊಳ್ಳುವಷ್ಟರಲ್ಲಿ
ಅವನು ನನ್ನ ಕೈಯ ಮೊಬೈಲು ಕಂಡು
ರಚ್ಚಿನ ಹೊರೆ ಇಳಿಸಿ,
ಕೂದಲು ಸವರಿಕೊಂಡು
ನೆಟ್ಟಗೆ ನಿಂತು
ನಕ್ಕ.

ನಾನು ತೆಗೆಯಲಿಲ್ಲ.
ತೆಗೆಯದ್ದಕ್ಕೆ ಅವನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಒಳಗಿಂದ ಅಪ್ಪನ ಕೂಗು:
ಪಾಕ ಬಂತು, ಕೊಪ್ಪರಿಗೆ ಇಳಿಸ್ತಾ ಇದೀವಿ, ದೂರ ಸರಿ!
ಇಬ್ಬರಲ್ಲಿ ಯಾರಿಗೆ ಹೇಳಿದ್ದೆಂದು ತಿಳಿಯದೆ
ಇಬ್ಬರೂ ಸರಿದೆವು.